ಈಶ್ವರಯ್ಯನವರ ಹಿಂದಿನ ಚಕ್ರ

ಈಶ್ವರಯ್ಯನವರು ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಸೈಕಲ್ ಹತ್ತಿದ್ದು ಆರೋಗ್ಯಕ್ಕಾಗಿ ಅಲ್ಲ, ಭಕ್ತಿಯಿಂದಲೂ ಅಲ್ಲ, ಶುದ್ಧ ಸಿಟ್ಟಿನಿಂದ. ಆ ಸಿಟ್ಟು ಹುಟ್ಟಿದ್ದು ಹಾಸನದಲ್ಲಿ, ತಂಗಿಯ ಮಗ ಶಶಿಕಿರಣನ ಗೃಹಪ್ರವೇಶದ ಪಂಕ್ತಿಯಲ್ಲಿ, ಹೋಳಿಗೆಯ ಮೇಲೆ ತುಪ್ಪ ಬೀಳುವ ಹೊತ್ತಿಗೆ.

ಶಶಿಕಿರಣ ಬ್ಯಾಂಕಿನಲ್ಲಿದ್ದ. ವರ್ಷಕ್ಕೊಮ್ಮೆ ಸೈಕಲ್ಲಿನ ನಾಲ್ಕೂ ಕಡೆ ಚೀಲ ಕಟ್ಟಿಕೊಂಡು ಊರೂರು ಸುತ್ತಿ ಬಂದು, ಉಳಿದ ಹನ್ನೊಂದು ತಿಂಗಳು ಅದರ ವಿಷಯವನ್ನೇ ಮಾತಾಡುತ್ತಿದ್ದ. ಅಂದು ತುಪ್ಪದ ಗಿಂಡಿ ಹಿಡಿದುಕೊಂಡೇ ಟೈರಿನ ಪುರಾಣ ಶುರು ಮಾಡಿದ. ಭಾರ ಹೊತ್ತು ದೂರ ಹೋಗುವವನಿಗೆ ಸೈಕಲ್ ಯಾವುದಾದರೂ ಆದೀತು, ಟೈರು ಮಾತ್ರ ಗಟ್ಟಿಯಿರಬೇಕು. ಅಗಲ ಬೇಕು, ಪಕ್ಕದ ಗೋಡೆ ದಪ್ಪ ಬೇಕು, ಒಳಗೆ ಮುಳ್ಳು ತಡೆಯುವ ಪದರ ಬೇಕು, ಇತ್ಯಾದಿ.

"ಮುಳ್ಳು ಬೇಡ ಅಂದ್ರೆ ನೋಡ್ಕೊಂಡು ತುಳಿಯಪ್ಪ" ಅಂದರು ಈಶ್ವರಯ್ಯ, ಹೋಳಿಗೆ ಮುರಿಯುತ್ತ.

"ನಿಮ್ಗೆ ಇದೆಲ್ಲ ಅರ್ಥ ಆಗಲ್ಲ ಬಿಡಿ ಮಾವ. ನೀವು ಲೋಡ್ ಹಾಕ್ಕೊಂಡು ಹೊರಟ್ರೆ ಹೊಳೆನರಸೀಪುರದ ಸೇತುವೆ ದಾಟೋದ್ರೊಳಗೆ ಠುಸ್ ಅನ್ಸುತ್ತೆ."

ಇಡೀ ಪಂಕ್ತಿ ನಕ್ಕಿತು. ಬೀಗರ ಕಡೆಯ ಮುದುಕಿಯೊಬ್ಬರಂತೂ ನಕ್ಕು ಕೆಮ್ಮಿ ನೀರು ತರಿಸಿಕೊಂಡರು. ಪಂಕ್ತಿಯಿಂದ ಎದ್ದು ಹೋಗುವುದು ಶಾಸ್ತ್ರಕ್ಕೆ ವಿರುದ್ಧ. ಆದ್ದರಿಂದ ಈಶ್ವರಯ್ಯನವರು ಕುಳಿತೇ ಎಂಜಲು ಕೈಯನ್ನು ಮೇಲೆತ್ತಿ ಘೋಷಿಸಿದರು: "ನಿನ್ನಷ್ಟೇ ಲೋಡು ಹಾಕ್ಕೊಂಡು ಸೈಕಲ್ಲಲ್ಲಿ ಕೂಡಲಸಂಗಮಕ್ಕೆ ಹೋಗಿ ಬತ್ತೀನಿ. ಒಂದೇ ಒಂದು ಪಂಕ್ಚರ್ ಆದ್ರೆ ನನ್ ಹೆಸರು ಈಶ್ವರಯ್ಯ ಅಲ್ಲ!"

ಕೈಯಿಂದ ಇಳಿದ ತುಪ್ಪ ಮೊಣಕೈ ತಲುಪಿದ್ದು ಅವರಿಗೆ ತಿಳಿಯಲೇ ಇಲ್ಲ. ಅವರ ಹೆಂಡತಿ ನೀಲಾಂಬಿಕೆ ಹೆಂಗಸರ ಸಾಲಿನಿಂದಲೇ ಇದನ್ನು ನೋಡಿ, ಇನ್ನು ಎರಡು ತಿಂಗಳು ಮನೆಯಲ್ಲಿ ನೆಮ್ಮದಿಯಿಲ್ಲ ಎಂದು ತೀರ್ಮಾನಿಸಿದರು. ಅವರ ಲೆಕ್ಕ ಯಾವಾಗಲೂ ಸರಿ.

ಈಶ್ವರಯ್ಯನವರದು ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಹಾರ್ಡ್‌ವೇರ್ ಅಂಗಡಿ. ಬೀಗ, ಬೋಲ್ಟು, ಕತ್ತಿ, ಗುದ್ದಲಿ, ಮೊಳೆ. ಮೂವತ್ತು ವರ್ಷದಿಂದ ಕಬ್ಬಿಣದ ಜೊತೆ ಬಾಳಿದ ಮನುಷ್ಯನಿಗೆ ರಬ್ಬರಿನ ವಿಷಯ ತಿಳಿಯದು ಎಂದು ಯಾರಾದರೂ ಹೇಳಿದರೆ ಸಹಿಸುವುದು ಕಷ್ಟ. ಸೈಕಲ್ ತಂದರು. ಟೈರು ಯಾವುದು ಎಂದು ವಿಚಾರಿಸಲು ಹಾಸನ ರಸ್ತೆಯಲ್ಲಿ, ಸೇತುವೆಯ ಆಚೆ ಬದಿ, ಬೇವಿನ ಮರದ ಕೆಳಗಿದ್ದ ಧರ್ಮೇಂದ್ರನ ಪಂಕ್ಚರ್ ಅಂಗಡಿಗೆ ಹೋದರು.

ಅಂಗಡಿಯೆಂದರೆ ನಾಲ್ಕು ಕಂಬ, ಮೇಲೆ ತಗಡು, ಒಂದು ನೀರಿನ ತೊಟ್ಟಿ. ಜಾಗ ದೊಡ್ಡಯ್ಯನೆಂಬ ಜಮೀನುದಾರನದು. ಅಂಗಡಿಯಲ್ಲಿ ಧರ್ಮೇಂದ್ರನ ಅಪ್ಪ ಪಾಪಯ್ಯ ಹಳೇ ಲಾರಿ ಟೈರಿನ ಮೇಲೆ ಕುಳಿತಿರುತ್ತಿದ್ದ. ಈ ಪಾಪಯ್ಯ ಒಂದು ಕಾಲದಲ್ಲಿ ಸೈಕಲ್ಲಿನ ಮೇಲೆ ಎರಡಾಳು ಭಾರದ ಹುಣಸೆಹಣ್ಣಿನ ಮೂಟೆ ಹೇರಿಕೊಂಡು ಚನ್ನರಾಯಪಟ್ಟಣದ ಸಂತೆಗೆ ಹೋಗಿ ಬರುತ್ತಿದ್ದವನು. ಅದಕ್ಕೆ ಯಾರೂ ಪ್ರವಾಸ ಎನ್ನಲಿಲ್ಲ, ಫೋಟೋ ತೆಗೆಯಲಿಲ್ಲ.

"ಪಂಕ್ಚರ್ ಆಗಲೇಬಾರದು. ಅಂಥ ಟೈರು ಯಾವುದೋ?" ಎಂದು ಈಶ್ವರಯ್ಯ ಸವಾಲಿನ ದನಿಯಲ್ಲಿ ಕೇಳಿದರು.

ಧರ್ಮೇಂದ್ರ ಕೈಯೊರೆಸಿಕೊಂಡ. "ಅಂಥದ್ದು ಇಲ್ಲ ಸಾ. ಅಗಲದ್ ತಗಳಿ, ಒಳಗೆ ದಪ್ಪ ಪದರ ಇರಾದ್ ತಗಳಿ. ಗಾಳಿ ಕಲ್ಲಿನಂಗೆ ತುಂಬ್ಬೇಡಿ. ನೂರು ಮುಳ್ಳಲ್ಲಿ ತೊಂಬತ್ತು ತಡೀತದೆ. ಮಿಕ್ಕಿದ್ ಹತ್ತು ದೇವ್ರೇ ತಡೀಬೇಕು."

"ಪಂಕ್ಚರ್ ಆಗಲ್ಲ ಅಂತ ನೀನು ಹೇಳಿದ್ರೆ ನಿನ್ನ ಹೊಟ್ಟೆಪಾಡು ನಡೀಬೇಕಲ್ಲಪ್ಪ" ಎಂದು ಈಶ್ವರಯ್ಯ ಚುಚ್ಚಿದರು.

ಧರ್ಮೇಂದ್ರ ನೀರಿನ ತೊಟ್ಟಿಯ ಕಡೆ ತಿರುಗಿದ. ಪಾಪಯ್ಯ ಮಾತ್ರ ಬಾಯಿಯ ಎಲೆಯಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸರಿಸಿ ಹೇಳಿದ: "ಟೈರು ಆಮ್ಯಾಕೆ ಸಾ. ಮೊದ್ಲು ಮೂಟೆ ಕಟ್ಟಾದ್ ಕಲೀರಿ."

ಹುಣಸೆಹಣ್ಣು ಹೊತ್ತವನಿಂದ ಪಾಠವೇ! ಈಶ್ವರಯ್ಯನವರು ಸರ್ರನೆ ಎದ್ದು ಬಂದರು. ಶಶಿಕಿರಣನ ಮೂಲಕವೇ, ಆದರೆ ಅವನಿಗೆ ಥ್ಯಾಂಕ್ಸ್ ಹೇಳದೆ, ಹೊರದೇಶದ ಎರಡು ಟೈರು ತರಿಸಿದರು. ಕೈಬೆರಳಿನಷ್ಟು ದಪ್ಪ, ಎಮ್ಮೆಯ ಚರ್ಮದ ಬಣ್ಣ. ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಸೂಜಿ ಕೊಟ್ಟು "ಚುಚ್ಚಿ ನೋಡ್ರಿ" ಎಂದು ಒತ್ತಾಯಿಸಿದರು. ಮೂರು ಸೂಜಿ ಮುರಿದವು. ಕತ್ತಿ ಕೊಳ್ಳಲು ಬಂದ ಒಬ್ಬ ಕತ್ತಿಯಿಂದಲೇ ನೋಡಿಬಿಡೋಣ ಎಂದಾಗ ಅವನನ್ನು ಬೈದು ಓಡಿಸಿದರು.

ಭಾರದ ಅಭ್ಯಾಸ ಶುರುವಾಯಿತು. ಹಿಂದಿನ ಎರಡು ಚೀಲಕ್ಕೆ ಬಟ್ಟೆ, ಸ್ಟೌ, ಟೆಂಟು. ಭಾರವೆಲ್ಲ ಹಿಂದೆ ಬೀಳಬಾರದು, ಮುಂದಿನ ಚಕ್ರದ ಎರಡು ಪಕ್ಕಕ್ಕೂ ಸಣ್ಣ ಚೀಲ ಕಟ್ಟಬೇಕೆಂದು ಶಶಿಕಿರಣ ಫೋನಿನಲ್ಲಿ ಹೇಳಿದ್ದ. ಅವನು ತೋರಿಸಿದ ಚೀಲದ ಬೆಲೆ ಕೇಳಿ ಈಶ್ವರಯ್ಯನವರು ಸಿಮೆಂಟಿನ ಖಾಲಿ ಚೀಲ ಕತ್ತರಿಸಿ ತಾವೇ ಹೊಲಿದರು. ಅದಕ್ಕೆ ತುಂಬುವುದೇನು?

"ಅಕ್ಕಿ ತುಂಬ್ಕಳಿ" ಅಂದರು ನೀಲಾಂಬಿಕೆ.

"ಸಣ್ಣ ಚೀಲಕ್ಕೆ ಅಕ್ಕಿ ಎಷ್ಟು ಹಿಡಿಯುತ್ತೆ? ತೂಕಕ್ಕೆ ನಮ್ಮಂಗಡೀಲಿ ಏನು ಬರವಾ?"

ಅಂಗಡಿಯ ಹಿಂಬದಿಯಲ್ಲಿ ಎರಡು ಮೂಟೆ ಮೊಳೆ ಹದಿನೈದು ವರ್ಷದಿಂದ ಕೊಳೆಯುತ್ತ ಬಿದ್ದಿತ್ತು. ತಗಡು ಹೊಡೆಯುವ ಮೊಳೆ. ಗಿಡ್ಡ ಕಾಲು, ನಾಲ್ಕಾಣೆಯಷ್ಟು ಅಗಲದ ತಲೆ. ಈಗ ಎಲ್ಲರೂ ಸ್ಕ್ರೂ ಕೇಳುವುದರಿಂದ ಇಡೀ ತಾಲ್ಲೂಕಿನಲ್ಲಿ ಇವರೊಬ್ಬರ ಹತ್ತಿರ ಬಿಟ್ಟರೆ ಅದು ಸಿಗುತ್ತಿರಲಿಲ್ಲ. ಆ ಮೊಳೆಯ ಗುಣವೆಂದರೆ, ನೀವು ಹೇಗೇ ಬೀಳಿಸಿ, ಅದು ತಲೆಯನ್ನು ನೆಲಕ್ಕೂರಿ ಮೊನೆಯನ್ನು ಆಕಾಶಕ್ಕೆತ್ತಿ ಕೂರುತ್ತದೆ.

"ಪ್ಲಾಸ್ಟಿಕ್ ಚೀಲದಲ್ಲಿ ಮೊಳೆ ನಿಲ್ಲಲ್ಲ ಕಣ್ರೀ" ಅಂದರು ನೀಲಾಂಬಿಕೆ.

"ಮೂವತ್ತು ವರ್ಷ ಮೊಳೆ ಮಾರಿದೋನು ನಾನೋ ನೀನೋ?" ಎಂದು ಈಶ್ವರಯ್ಯ ಗುಡುಗಿದರು. ನೀಲಾಂಬಿಕೆ ಒಳಗೆ ನಡೆದರು. ಬುದ್ಧಿವಂತರಾದ ಓದುಗರಿಗೆ ನಾನು ಏನೂ ಹೇಳುವುದಿಲ್ಲ.

ಸೋಮವಾರ ಬೆಳಿಗ್ಗೆ ಹಾಸನ ರಸ್ತೆಯಲ್ಲಿ ಮೊದಲ ಸವಾರಿ. ಮೊಸಳೆ ಹೊಸಹಳ್ಳಿ ತಲುಪುವಷ್ಟರಲ್ಲಿ ಹಿಂದಿನ ಚಕ್ರ ಠುಸ್. ಈಶ್ವರಯ್ಯನವರು ಸೈಕಲ್ಲನ್ನು ಹಾಲಿನ ವ್ಯಾನಿಗೆ ಹಾಕಿಸಿಕೊಂಡು, ಮುಖಕ್ಕೆ ಟವೆಲ್ ಸುತ್ತಿಕೊಂಡು, ಧರ್ಮೇಂದ್ರನ ಅಂಗಡಿಗೇ ಬರಬೇಕಾಯಿತು. ಅವನು ಟೈರಿನಿಂದ ಒಂದು ಅಗಲ ತಲೆಯ ಮೊಳೆ ಕಿತ್ತು ಅವರ ಅಂಗೈಗಿಟ್ಟ. "ಇಂಥಾದ್ ಬಡುದ್ರೆ ಯಾವ್ ಟೈರೂ ತಡೆಯಾಕಿಲ್ಲ ಸಾ."

ಬುಧವಾರ ಅರಕಲಗೂಡು ರಸ್ತೆ. ಠುಸ್. ಶುಕ್ರವಾರ ಚನ್ನರಾಯಪಟ್ಟಣದ ರಸ್ತೆ. ಠುಸ್. ಈಶ್ವರಯ್ಯನವರು ಇನ್ನೂ ದಪ್ಪದ ಟೈರು ತರಿಸಿದರು. ಅದರೊಳಗೆ ಹಳೇ ಟೈರನ್ನು ಸೀಳಿ ಪಟ್ಟಿ ಮಾಡಿ ಹಾಸಿದರು. ಟ್ಯೂಬಿನೊಳಗೆ ತೂತು ಮುಚ್ಚುವ ಅಂಟನ್ನು ಸುರಿದರು. ಹಿಂದಿನ ಚಕ್ರ ಈಗ ಟ್ರ್ಯಾಕ್ಟರಿನ ಚಕ್ರದ ತಮ್ಮನಂತೆ ಕಾಣುತ್ತಿತ್ತು, ತುಳಿದರೆ ತೊಡೆಯ ಮಾಂಸವೇ ಕಿತ್ತು ಬರುವಂತಿತ್ತು. ಆದರೂ ಠುಸ್. ವಿಚಿತ್ರವೆಂದರೆ ಮುಂದಿನ ಚಕ್ರಕ್ಕೆ ಒಂದು ಗೀರೂ ಬೀಳಲಿಲ್ಲ. ಇನ್ನೂ ವಿಚಿತ್ರವೆಂದರೆ, ದಿನ ಕಳೆದಂತೆ ಮುಂದಿನ ಚೀಲದ ಭಾರ ಅವರಿಗೆ ತಿಳಿಯುತ್ತಲೇ ಇರಲಿಲ್ಲ.

"ನೋಡಿದ್ಯಾ, ರಟ್ಟೆಗೆ ಹೆಂಗೆ ಬಲ ಬಂತು!" ಎಂದು ಹೆಂಡತಿಗೆ ತೋರಿಸಿ, ಅಭ್ಯಾಸ ಸಡಿಲವಾಗಬಾರದೆಂದು ಚೀಲಕ್ಕೆ ಇನ್ನೆರಡು ಸೇರು ಮೊಳೆ ಸುರಿದುಕೊಂಡರು.

ಅಷ್ಟರಲ್ಲಿ ಊರಿನಲ್ಲಿ ಹಾಹಾಕಾರವೆದ್ದಿತ್ತು. ಹಾಸನ, ಅರಕಲಗೂಡು, ಚನ್ನರಾಯಪಟ್ಟಣ ಮೂರೂ ರಸ್ತೆಯಲ್ಲಿ ಕಂಡಕಂಡವರ ಗಾಡಿ ಪಂಕ್ಚರ್. ಹಾಲಿನ ವ್ಯಾನು ನಿಂತು ಹಾಲು ಒಡೆಯಿತು. ಶಾಂತಿಗ್ರಾಮದಿಂದ ಹೆಣ್ಣು ನೋಡಲು ಬಂದವರು ಮಧ್ಯಾಹ್ನದವರೆಗೆ ರಸ್ತೆಯಲ್ಲೇ ನಿಂತು, ಅಪಶಕುನವೆಂದು ಹಾಗೇ ಹಿಂದಿರುಗಿದರು. ಮುಖ್ಯ ಪೇದೆ ಕೀರ್ತಿರಾಜ್ ಅವರ ಬೈಕು ವಾರದಲ್ಲಿ ಮೂರು ಸಲ ಕೂತಿತು. ಅವರಿಗಂತೂ ಇದು ಇಲಾಖೆಯ ಮೇಲೆ ನಡೆದ ದಾಳಿಯಂತೆಯೇ ಕಂಡಿತು. ಧರ್ಮೇಂದ್ರನ ಅಂಗಡಿಯ ಮುಂದೆ ಮಾತ್ರ ಬೆಳಗಿನಿಂದ ಸಂಜೆಯವರೆಗೆ ಸಾಲು.

ಆ ಸಾಲನ್ನು ನೋಡಿದ ದಿನ ಈಶ್ವರಯ್ಯನವರ ತಲೆಯಲ್ಲಿ ದೀಪ ಹತ್ತಿತು. ಕೆಲವು ದೀಪಗಳು ಹತ್ತದಿದ್ದರೇ ಊರಿಗೆ ಕ್ಷೇಮ.

"ಲಾಭ ಯಾರಿಗೆ?" ಎಂದು ಅವರು ತಮ್ಮ ಅಂಗಡಿಯ ಜಗುಲಿಯ ಮೇಲೆ ನಿಂತು ಕೇಳಿದರು. ಎದುರಿಗೆ ಪಂಕ್ಚರಾದವರು ಒಂದಿಪ್ಪತ್ತು ಜನ, ಜೊತೆಗೆ ಕೀರ್ತಿರಾಜ್. "ಹೇಳ್ರಪ್ಪ, ಲಾಭ ಯಾರಿಗೆ? ರಾತ್ರಿ ಮೊಳೆ ಚೆಲ್ಲೋದು, ಬೆಳಿಗ್ಗೆ ಪ್ಯಾಚ್ ಹಾಕೋದು! ಚನ್ನರಾಯಪಟ್ಟಣದಲ್ಲಿ ಅವನ ಷಡ್ಡಕನೂ ಪಂಕ್ಚರ್ ಅಂಗಡಿ ಇಟ್ಟವನೆ. ಇದು ಜಾಲ! ಮೂರು ತಾಲ್ಲೂಕಿನ ಜಾಲ!"

"ಸಾಕ್ಷಿ ಬೇಕಲ್ಲ ಸಾರ್" ಎಂದರು ಕೀರ್ತಿರಾಜ್, ಜೇಬಿನಿಂದ ತಮ್ಮ ಟೈರಿನ ಮೊಳೆ ತೆಗೆದು. "ಈ ಥರದ್ದು ಎಲ್ಲಿ ಸಿಗುತ್ತೆ?"

"ಇದು ನನ್ನಂಗಡೀದೇ!" ಎಂದು ಈಶ್ವರಯ್ಯ ಹೆಮ್ಮೆಯಿಂದ ಹೇಳಿದರು. "ತಾಲ್ಲೂಕಿಗೆಲ್ಲ ನಾನೊಬ್ನೇ ಇಟ್ಟಿರೋದು. ಯುಗಾದಿ ಹಿಂದಿನ ವಾರ ಅಂಗಡಿ ತಗಡು ಹೊಡೀಬೇಕು ಅಂತ ಕಾಲು ಕೆಜಿ ತಗೊಂಡು ಹೋದೋನು ಯಾರು ಗೊತ್ತಾ? ಇದೇ ಧರ್ಮೇಂದ್ರ!"

ಗುಂಪು ಹೋ ಎಂದಿತು. ಕೀರ್ತಿರಾಜ್ ತಲೆಯಾಡಿಸಿ ಟೋಪಿ ಸರಿಪಡಿಸಿಕೊಂಡರು. ಅಂಗಡಿಯ ಒಳಗಿಂದ ನೀಲಾಂಬಿಕೆ "ರೀ, ಒಸಿ ಬನ್ರಿ ಇಲ್ಲಿ" ಎಂದು ಎರಡು ಸಲ ಕರೆದರು. ಈಶ್ವರಯ್ಯನವರು ನಾಯಕರಾಗಿದ್ದರು, ನಾಯಕರಿಗೆ ಹೆಂಡತಿಯ ಮಾತು ಕೇಳಿಸುವುದಿಲ್ಲ.

ಗುಂಪು ಸೇತುವೆ ದಾಟಿ ಧರ್ಮೇಂದ್ರನ ಅಂಗಡಿಗೆ ನುಗ್ಗಿತು. ಡಬ್ಬಗಳನ್ನು ಬೋರಲು ಹಾಕಿ ಹುಡುಕಿ, ಒಂದರ ತಳದಲ್ಲಿ ಅಂಥವೇ ಹನ್ನೊಂದು ಮೊಳೆ ಪತ್ತೆ ಮಾಡಿದರು. ಮಿಕ್ಕವು ತಗಡಿನಲ್ಲಿ ಸಾಲಾಗಿ ಕಣ್ಣೆದುರಿಗೇ ಇದ್ದವು. ತಲೆಯೆತ್ತಿ ನೋಡುವ ವ್ಯವಧಾನ ಯಾರಿಗೂ ಇರಲಿಲ್ಲ.

"ಇದುಕ್ಕೇನಂತೀಯ?" ಎಂದರು ಈಶ್ವರಯ್ಯ.

ಧರ್ಮೇಂದ್ರ ಕೈಯಲ್ಲಿದ್ದ ಟ್ಯೂಬನ್ನು ತೊಟ್ಟಿಗೆ ಎಸೆದ. "ನನ್ ಅಂಗ್ಡೀಲಿ ಅನ್ನೊಂದು ಮೊಳೆ ಸಿಕ್ತು ಅಂತ ನನ್ನ ಕಳ್ಳ ಅಂತೀರಿ. ನಿಮ್ ಅಂಗ್ಡೀಲಿ ಎಲ್ಡು ಮೂಟೆ ಐತಲ್ಲ ಸಾ, ನಿಮ್ಮನ್ನ ಯಾಕೆ ಯಾರೂ ಕೇಳಾಕಿಲ್ಲ?"

ಆ ಪ್ರಶ್ನೆ ಬೇವಿನ ಮರದ ಕೆಳಗೆ ಹಾಗೇ ನಿಂತಿತು. ಅಲ್ಲಿದ್ದ ಪ್ರತಿಯೊಬ್ಬನಿಗೂ ಅದರ ಉತ್ತರ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಪೇಟೆ ಬೀದಿಯ ಈಶ್ವರಯ್ಯನವರನ್ನು ಕೇಳುವುದು ಬೇರೆ, ಸೇತುವೆಯಾಚೆಯ ಧರ್ಮೇಂದ್ರನನ್ನು ಕೇಳುವುದು ಬೇರೆ. ಇಂಥ ಮೌನ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ, ಆದರೆ ಕತೆ ಮುಂದೆ ಹೋಗಬೇಕು.

ಜಮೀನಿನ ದೊಡ್ಡಯ್ಯ ಮುಂದೆ ಬಂದ. ಅವನ ಸ್ಕೂಟರೂ ಪಂಕ್ಚರಾಗಿತ್ತು. "ನಂಗೆ ಇವೆಲ್ಲ ಉಸಾಬರಿ ಬ್ಯಾಡ ಕಣ್ಲಾ. ಸೋಮವಾರ ಸಂಜೆ ಒಳಗೆ ತಗಡು ಬಿಚ್ಕೊಂಡು ಜಾಗ ಖಾಲಿ ಮಾಡು."

"ಅನ್ನೆಲ್ಡು ವರ್ಸದಿಂದ ಇಲ್ಲೇ ಇವ್ನಿ. ಎಲ್ಲಿಗ್ ಓಗ್ಲಿ?"

"ಅದು ನನ್ ತಲೆನೋವಲ್ಲ."

ಪಾಪಯ್ಯ ಲಾರಿ ಟೈರಿನಿಂದ ಏಳಲೇ ಇಲ್ಲ. ಈಶ್ವರಯ್ಯನವರ ಸೈಕಲ್ಲನ್ನೇ ನೋಡುತ್ತಿದ್ದವನು, "ಸಾ, ಇಂದ್ಲ ಚಕ್ರ ಒಂದೇ ಯಾಕ್ ಪಂಚರ್ ಆಯ್ತದೆ ನಿಮ್ದು? ಮುಂದ್ಲದು ಯಾಕ್ ಆಗಾಕಿಲ್ಲ?" ಎಂದು ಕೇಳಿದ.

"ಮುಂದಿನ ಟೈರು ಒಳ್ಳೇದು, ಅದಕ್ಕೆ!" ಎಂದರು ಈಶ್ವರಯ್ಯ. ಹಿಂದಿನದು ಅದಕ್ಕಿಂತಲೂ ದಪ್ಪದ ಟೈರು ಎಂಬುದು ಸಿಟ್ಟಿನಲ್ಲಿ ಮರೆತುಹೋಗಿತ್ತು.

ಸೋಮವಾರ ಬೆಳಿಗ್ಗೆ ಹಾಸನಕ್ಕೆ ಮೆರವಣಿಗೆ ಎಂದು ತೀರ್ಮಾನವಾಯಿತು. ಜಿಲ್ಲಾಧಿಕಾರಿಗಳಿಗೆ ಮನವಿ, ಧರ್ಮೇಂದ್ರನ ಮೇಲೆ ಕೇಸು. ಎಲ್ಲರಿಗಿಂತ ಮುಂದೆ, ಜಾಲಕ್ಕೆ ಬಲಿಯಾದ ಸೈಕಲ್ಲಿನ ಮೇಲೆ, ಪೂರ್ತಿ ಲೋಡಿನೊಂದಿಗೆ ಈಶ್ವರಯ್ಯನವರು. ಅಧಿಕಾರಿಗಳಿಗೆ ಪರಿಸ್ಥಿತಿಯ ತೂಕ ತಿಳಿಯಲೆಂದು ಅಂದು ಚೀಲಗಳಿಗೆ ಬಾಯಿ ಮಟ್ಟ ಮೊಳೆ ತುಂಬಿಸಿದ್ದರು. ಹಿಂದೆ ನಲವತ್ತು ಬೈಕು, ಸ್ಕೂಟರು. ಎಲ್ಲವೂ ಸೈಕಲ್ಲಿನ ವೇಗದಲ್ಲೇ ಬರಬೇಕೆಂದು ಕಟ್ಟಪ್ಪಣೆ.

ಧರ್ಮೇಂದ್ರ ತಾನಾಗಿಯೇ ಬಂದ. ಅಂಗಡಿಯ ಸಾಮಾನೆಲ್ಲ ಮೂಟೆ ಕಟ್ಟಿ ಮನೆಗೆ ಸಾಗಿಸಿದ್ದ. "ನಾನೂ ಬತ್ತೀನಿ. ಅದೇನ್ ಯೋಳ್ತಾರೋ ನನ್ ಮುಂದೇನೇ ಯೋಳ್ಲಿ" ಎಂದು ಕೀರ್ತಿರಾಜರ ಬೈಕಿನ ಹಿಂದೆ ಹತ್ತಿ ಕುಳಿತ. ಆ ಬೈಕು ಕಾನೂನು ಸುವ್ಯವಸ್ಥೆಯ ದೃಷ್ಟಿಯಿಂದ ಈಶ್ವರಯ್ಯನವರ ಪಕ್ಕದಲ್ಲೇ, ರಸ್ತೆಯ ಬಲಬದಿಯಲ್ಲಿ ಹೊರಟಿತು.

"ಪಂಕ್ಚರ್ ಜಾಲಕ್ಕೆ!" ಎಂದು ಈಶ್ವರಯ್ಯ ಕೂಗಿದರು.

"ಧಿಕ್ಕಾರ!" ಎಂದವು ನಲವತ್ತು ಗಂಟಲು. ಮರದಲ್ಲಿದ್ದ ಕೊಕ್ಕರೆಗಳು ಎದ್ದು ಹೇಮಾವತಿಯ ಮೇಲೆ ಒಂದು ಸುತ್ತು ಹಾಕಿದವು.

ಮೊದಲ ಉಬ್ಬು ಬಂತು. ಸೈಕಲ್ಲು ಝಲ್ ಎಂದು ಕುಲುಕಿತು. ಹಿಂದೆ ಎಲ್ಲೋ ಠುಸ್.

"ಪಂಕ್ಚರ್ ಜಾಲಕ್ಕೆ!"

"ಧಿಕ್ಕಾರ!" ಈ ಸಲ ಗಂಟಲುಗಳು ಮೂವತ್ತಿದ್ದಿರಬಹುದು.

ಈಶ್ವರಯ್ಯನವರು ಹಿಂದಿರುಗಿ ನೋಡಲಿಲ್ಲ. ಅಷ್ಟು ಭಾರದ ಸೈಕಲ್ಲಿನಲ್ಲಿ ಕತ್ತು ತಿರುಗಿಸಿದರೆ ಸೀದಾ ಚರಂಡಿಗೇ. ಎರಡನೇ ಉಬ್ಬು, ಮೂರನೇ ಉಬ್ಬು, ಆಮೇಲೆ ರಿಪೇರಿಯಾಗುತ್ತಿದ್ದ ಒಂದು ಫರ್ಲಾಂಗು ರಸ್ತೆ. ಝಲ್ ಝಲ್ ಝಲ್.

"ಪಂಕ್ಚರ್ ಜಾಲಕ್ಕೆ!"

"ಧಿಕ್ಕಾರ..." ಹತ್ತೋ ಹನ್ನೆರಡೋ.

"ಊಟ ಮಾಡಿ ಬಂದಿಲ್ವೇನ್ರೋ! ಜೋರಾಗಿ ಕೂಗ್ರೋ!" ಎಂದು ಅವರು ಮುಂದೆ ನೋಡಿಕೊಂಡೇ ರೇಗಿದರು.

ಮೊಸಳೆ ಹೊಸಹಳ್ಳಿಯ ಮೊದಲ ಮನೆಗಳು ಕಂಡಾಗ ಕೊನೆಯ ಸಲ ಕೂಗಿದರು. ಉತ್ತರ ಕೊಟ್ಟಿದ್ದು ಒಂದೇ ದನಿ. ಅದು ಕೀರ್ತಿರಾಜರದು, ಅದೂ "ಧಿಕ್ಕಾರ" ಎಂದಲ್ಲ. "ಸಾರ್, ಒಂದ್ನಿಮಿಷ ನಿಲ್ಲಿಸಿ" ಎಂದು.

ನಿಲ್ಲಿಸಬೇಕಾಗಲಿಲ್ಲ. ಹಿಂದಿನ ಚಕ್ರ ಠುಸ್ ಎಂದಿತು.

ಈಶ್ವರಯ್ಯನವರು ಕಾಲೂರಿ ತಿರುಗಿದರು. ಕಣ್ಣು ಹಾಯುವವರೆಗೂ ರಸ್ತೆಯ ಎಡಬದಿಯಲ್ಲಿ, ಅಲ್ಲೊಂದು ಇಲ್ಲೊಂದು, ಬೈಕು ತಳ್ಳಿಕೊಂಡು ಬರುವ ಜನ, ಕೂತು ಬೈಯುವ ಜನ, ಗಾಡಿಗೆ ಒದೆಯುವ ಜನ. ಅವರ ಮೈ ಹತ್ತಿ ಉರಿಯಿತು. "ಮುಂಚೆನೇ ಬಂದು ಚೆಲ್ಲಿ ಹೋಗವ್ನೆ! ನೋಡಿದ್ರಾ ಕೀರ್ತಿರಾಜ್! ಹಾಡಹಗಲು, ಪೊಲೀಸ್ ಎದುರಿಗೇ!"

"ಇವನು ನನ್ನ ಬೆನ್ನ ಹಿಂದೇನೇ ಕೂತವ್ನಲ್ಲ ಸಾರ್" ಅಂದರು ಕೀರ್ತಿರಾಜ್.

"ಹಂಗಾದ್ರೆ ಅವನ ಷಡ್ಡಕ!"

ಆಗ ದೂರದಿಂದ ಒಂದು ಹಳೇ ಸೈಕಲ್ಲು ಕಿರುಗುಟ್ಟುತ್ತ ಬಂತು. ಪಾಪಯ್ಯ. ಸೈಕಲ್ಲಿನ ಮುಂದೆ ಒಂದು ಕೋಲು, ಕೋಲಿಗೆ ಹಗ್ಗ, ಹಗ್ಗಕ್ಕೆ ಹಳೇ ಧ್ವನಿವರ್ಧಕದಿಂದ ಕಿತ್ತ ಅಯಸ್ಕಾಂತ, ನೆಲಕ್ಕೆ ಎರಡು ಬೆರಳು ಮೇಲೆ ತೂಗಾಡುತ್ತಿತ್ತು. ಅದರ ಮೇಲೆ ಮೊಳೆ ಹತ್ತಿ ಹತ್ತಿ ಹಲಸಿನಕಾಯಿಯಂತೆ ಆಗಿತ್ತು. ಹ್ಯಾಂಡಲ್ಲಿಗೆ ಕಟ್ಟಿದ್ದ ಡಬ್ಬವೂ ತುಂಬಿತ್ತು. ಅವನ ಹಿಂದೆ ಕಾಲ್ನಡಿಗೆಯಲ್ಲಿ ಮೆರವಣಿಗೆಯ ಜನ, ದೊಡ್ಡಯ್ಯನೂ ಸೇರಿ, ಬೆವರು ಸುರಿಸುತ್ತ ಬಂದರು.

ಪಾಪಯ್ಯ ಸೈಕಲ್ಲಿನಿಂದ ಇಳಿದ. ಅಯಸ್ಕಾಂತವನ್ನು ಬಿಚ್ಚಿ ಕೈಯಲ್ಲಿ ಹಿಡಿದು ಈಶ್ವರಯ್ಯನವರ ಮುಂದಿನ ಚಕ್ರದ ಹತ್ತಿರ ಹೋದ. ಸಿಮೆಂಟ್ ಚೀಲದ ತಳಕ್ಕೆ ಬೆರಳಿಂದ ಒಂದು ಪೆಟ್ಟು ಕೊಟ್ಟ. ಒಂದು ಮೊಳೆ ಇಳಿಯಿತು. ಮತ್ತೊಂದು ಪೆಟ್ಟು. ಎರಡು ಇಳಿದವು. ಟಿಣ್, ಟಿಣ್ ಎಂದು ಟಾರಿನ ಮೇಲೆ ಬಿದ್ದು, ತಲೆ ಕೆಳಗೆ ಮಾಡಿ, ಮೊನೆ ಮೇಲೆತ್ತಿ, ಶಿಸ್ತಾಗಿ ಕುಳಿತವು.

"ಸೇತುವೆಯಿಂದ ಇಲ್ಲೀಗಂಟ ಸಾಲು ಕಡೀದಂಗೆ ಬಂದವೆ ಸಾ" ಎಂದ ಪಾಪಯ್ಯ. "ಮುಂದ್ಲ ಚಕ್ರ ದಾಟುದ್ ಮ್ಯಾಕೆ ಬೀಳ್ತವೆ. ಅದ್ಕೇ ಇಂದ್ಲದು ಓಯ್ತದೆ. ಮೂಟೆ ಕಟ್ಟಾದ್ ಕಲೀರಿ ಅಂದಿದ್ನಲ್ಲ."

ಗುಂಪು ಬಗ್ಗಿ ಆ ಮೊಳೆಗಳನ್ನು ನೋಡಿತು. ಆಮೇಲೆ ನಲವತ್ತೂ ಗಂಟಲುಗಳು ಒಟ್ಟಿಗೆ ವಾಪಸು ಬಂದವು. ಈಶ್ವರಯ್ಯನವರ ಮೂರು ತಲೆಮಾರಿನ ವಿಷಯ ಪ್ರಸ್ತಾಪವಾಯಿತು. "ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕ್ಸುದ್ರಲ್ಲ ಸ್ವಾಮಿ!" ಎಂದು ದೊಡ್ಡಯ್ಯ ಹಣೆ ಚಚ್ಚಿಕೊಂಡು, "ನಂಗೆ ಮೊದಲಿಂದ್ಲೂ ಅನುಮಾನ ಇತ್ತು" ಎಂದು ಸೇರಿಸಿದ. ಅವನಂಥವರಿಗೆ ಅನುಮಾನ ಯಾವಾಗಲೂ ಆಮೇಲೆ ಮೊದಲಿಂದಲೂ ಇರುತ್ತದೆ.

ಈಶ್ವರಯ್ಯನವರು ಬಾಯಿ ತೆರೆದರು. "ಸಿಮೆಂಟ್ ಕಂಪನಿಯವರು ಚೀಲ ಸರಿಯಾಗಿ..." ಎಂದು ಶುರು ಮಾಡಿ, ಧರ್ಮೇಂದ್ರನ ಮುಖ ನೋಡಿ ನಿಲ್ಲಿಸಿದರು. ಜೀವನದಲ್ಲಿ ಮೊದಲ ಸಲ ಅವರ ಸಿಟ್ಟಿಗೆ ಹೋಗಲು ಜಾಗವಿರಲಿಲ್ಲ.

"ಧರ್ಮಣ್ಣ, ಒಸಿ ಪ್ಯಾಚ್ ಹಾಕಪ್ಪ, ಮನೆಗೋಗ್ಬೇಕು" ಎಂದು ಯಾರೋ ಅಂದರು. ಬೆಳಿಗ್ಗೆ ಕಳ್ಳನಾಗಿದ್ದವನು ಈಗ ಅಣ್ಣನಾಗಿದ್ದ.

"ನನ್ ಸಾಮಾನು ಮೂಟೇಲೈತೆ. ಅಂಗ್ಡಿ ಖಾಲಿ ಮಾಡುಸುದ್ರಲ್ಲ" ಅಂದ ಧರ್ಮೇಂದ್ರ. ಅವನ ದನಿ ಏರಲಿಲ್ಲ, ಅದೇ ಹೆಚ್ಚು ಸುಟ್ಟಿತು. "ಈಶ್ವರಯ್ನೋರ ಚೀಲ್ದಲ್ಲಿ ಪಂಪು, ಪ್ಯಾಚು, ಅಂಟು ಎಲ್ಲಾ ಐತೆ. ಕೂಡಲಸಂಗಮದ್ ಸವಾರಿಗೆ ಅಂತ ತಂದವ್ರೆ. ಅವ್ರೇ ಹಾಕ್ಲಿ. ನಾನು ನಿಂತ್ಕಂಡು ಯೋಳ್ಕೊಡ್ತೀನಿ."

ಕೀರ್ತಿರಾಜ್ ಇದು ನ್ಯಾಯವೆಂದರು. ಈಶ್ವರಯ್ಯನವರು ಪಂಚೆ ಮೇಲೆ ಕಟ್ಟಿ ರಸ್ತೆಯ ಬದಿಯಲ್ಲಿ ಕೂತರು. ಟ್ಯೂಬಿಲ್ಲದ ಟೈರುಗಳಿಗೆ ಅವರ ಸಾಮಾನು ಒಗ್ಗಲಿಲ್ಲ, ಅವನ್ನು ಟೆಂಪೋಗೆ ಹಾಕಿಸಿ ಹಾಸನಕ್ಕೆ ಕಳಿಸಿದರು, ಬಾಡಿಗೆ ಈಶ್ವರಯ್ಯನವರದೇ. ಉಳಿದವಕ್ಕೆ ಸಂಜೆಯವರೆಗೂ ಉಜ್ಜಿದರು, ಅಂಟಿಸಿದರು, ಗಾಳಿ ಹೊಡೆದರು. "ಇನ್ನೂ ಉಜ್ಜಿ ಸಾ." "ಅಂಟು ಒಣಗ್ಲಿ, ಅವಸ್ರ ಬ್ಯಾಡ." "ಅದು ಬಿಡ್ತದೆ, ತಿರ್ಗಾ ಕಿತ್ತು ಹಾಕಿ." ಹದಿನೇಳನೆಯ ಟ್ಯೂಬಿಗೆ ಅವರ ಬೆರಳುಗಳ ಚರ್ಮ ಹೋಗಿತ್ತು. ಹನ್ನೆರಡು ವರ್ಷದಿಂದ ಧರ್ಮೇಂದ್ರನ ಬೆರಳು ಯಾಕೆ ಹಾಗಿದ್ದವೆಂದು ಅವರು ಯಾವತ್ತೂ ಕೇಳಿರಲಿಲ್ಲ.

ಮಾರನೆಯ ದಿನ ನೀಲಾಂಬಿಕೆ ತಟ್ಟೆಯಲ್ಲಿ ಎಲೆಯಡಿಕೆ, ತೆಂಗಿನಕಾಯಿ ಇಟ್ಟು ಗಂಡನ ಕೈಗೆ ಕೊಟ್ಟರು. "ತಪ್ಪುಕಾಣಿಕೆ. ನಡೀರಿ. ನಾನೂ ಬತ್ತೀನಿ, ಇಲ್ದಿದ್ರೆ ಅಲ್ಲೂ ಭಾಷಣ ಮಾಡ್ತೀರಿ."

ಈಶ್ವರಯ್ಯನವರು ತಟ್ಟೆಯ ಮೇಲೆ ಆ ಹೊರದೇಶದ ಮುಂದಿನ ಟೈರನ್ನೂ ಇಟ್ಟುಕೊಂಡು ಬೇವಿನ ಮರದ ಕೆಳಗೆ ಹೋದರು. ಜನ ಮೊದಲೇ ಸೇರಿದ್ದರು.

"ತಪ್ಪಾಯ್ತಪ್ಪ" ಎಂದರು, ನೆಲ ನೋಡುತ್ತ.

"ಎಲ್ರಿಗೂ ಕೇಳ್ಸಂಗೆ ಅಂದಿದ್ರಿ ನನ್ನ ಕಳ್ಳ ಅಂತ" ಎಂದ ಧರ್ಮೇಂದ್ರ. "ಟೈರು ನಂಗೆ ಬ್ಯಾಡ. ಜಾಗ ಬುಡ್ಸಾಕಿಲ್ಲ ಅಂತ ದೊಡ್ಡಯ್ಯನೋರು ಬರ್ಕೊಟ್ಟವ್ರೆ. ನೀವೂ ಬರ್ಕೊಡಿ. ಬೋರ್ಡ್ ಮ್ಯಾಲೆ."

ಬೋರ್ಡಿಗೆ ತಗಡು, ಬಣ್ಣ, ಕುಂಚ ಎಲ್ಲ ಈಶ್ವರಯ್ಯನವರ ಅಂಗಡಿಯಿಂದಲೇ ಬಂತು. ಒಕ್ಕಣೆ ಧರ್ಮೇಂದ್ರ ಹೇಳಿದ, ಅಕ್ಷರ ಈಶ್ವರಯ್ಯನವರು ಬರೆದರು, ಕಿವಿಯ ತುದಿಯವರೆಗೆ ಕೆಂಪಾಗಿ. ನೀಲಾಂಬಿಕೆ ನಿಂತು ಕಾಗುಣಿತ ನೋಡಿದರು. ಕೀರ್ತಿರಾಜ್ ಗಟ್ಟಿಯಾಗಿ ಓದಿದರು:

"ಧರ್ಮೇಂದ್ರ ಪಂಕ್ಚರ್ ಶಾಪ್. ಇಲ್ಲಿ ಮೊಳೆ ಕೀಳಲಾಗುವುದು. ರಸ್ತೆಗೆ ಮೊಳೆ ಚೆಲ್ಲಿದವನು ಪೇಟೆ ಬೀದಿಯ ಈಶ್ವರಯ್ಯ."

ಹಾಸನದಿಂದ ಬಂದ ಬಸ್ಸೊಂದು ನಿಧಾನವಾಗಿ ನಿಂತಿತು. ಕಿಟಕಿಗಳೆಲ್ಲ ಓದಿಕೊಂಡವು. ಈಶ್ವರಯ್ಯನವರು ಹಲ್ಲು ಕಚ್ಚಿ ಏಣಿ ಹತ್ತಿದರು. ಬೋರ್ಡನ್ನು ಕಂಬಕ್ಕೆ ಒತ್ತಿ ಹಿಡಿದು, ಜೇಬಿಗೆ ಕೈಹಾಕಿ, ಒಂದು ಹಿಡಿ ಅಗಲ ತಲೆಯ ಮೊಳೆ ತೆಗೆದರು.

ಪಾಪಯ್ಯ ಲಾರಿ ಟೈರಿನಿಂದ ಎದ್ದು ಬಂದು, ಏಣಿಯ ಕೆಳಗೆ ತನ್ನ ಟವೆಲ್ಲನ್ನು ಅಗಲವಾಗಿ ಹಾಸಿದ.

"ಜ್ವಾಕೆ ಸಾ" ಅಂದ. "ಕೆಳೀಕ್ ಬೀಳ್ಸ್‌ಬುಟ್ಟೀರಿ."